ಬಾಯಿ ದಪ್ಪವಾದ ಪೀಶಕತ್ತಿ: ಗಡಿನಾಡಿನ ಒಂದು ಕುಲುಮೆಯ ಪ್ರಕರಣ ಅಧ್ಯಯನ

ಕೈಯಲ್ಲಿ ಮಾಡಿದ ಕತ್ತಿಗೆ ಬೇಡಿಕೆ ಹೆಚ್ಚಿದ ಕೂಡಲೇ ಕತ್ತಿ ಕೆಡುವುದೇಕೆ ಎಂದು ಕೇಳಿದರೆ ಹೆಚ್ಚಿನವರು ಗಡಿಬಿಡಿ ಎಂದುಬಿಡುತ್ತಾರೆ. ಈ ಪ್ರಕರಣದಲ್ಲಿ ಗಡಿಬಿಡಿ ಇತ್ತು, ನಿಜ. ಆದರೆ ಅಷ್ಟು ಹೇಳಿ ಸುಮ್ಮನಾಗಿದ್ದರೆ ತೊಂದರೆ ಎಲ್ಲಿದೆಯೆಂದು ಸಿಗುತ್ತಲೇ ಇರಲಿಲ್ಲ. ಕೈಕೆಲಸದವರಿಗೆ, ಅವರ ಜೊತೆ ಓಡಾಡುವ ಮನೆಯ ಮಕ್ಕಳಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಕುಲುಮೆ ಇರುವುದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಮೂರು ಪೇಟೆಗಳ ನಡುವೆ ಎಲ್ಲೋ ಒಂದು ಕಡೆ. ಅದಕ್ಕಿಂತ ಹೆಚ್ಚಿನ ಗುರುತು ಕೊಡುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಕುಲುಮೆಯ ಯಜಮಾನರನ್ನು ಆಚಾರಿಯವರೆಂದೂ ಅವರ ತಂಗಿಯ ಮಗನನ್ನು ಅಳಿಯನೆಂದೂ ಕರೆಯುತ್ತೇನೆ. ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಕಲಿಸಿದವನು. ಮನೆಯ ಮಚ್ಚು ಮಸೆಸಲು ಹೋಗಿ ಬಂದು ಅವರ ಪರಿಚಯ.

ಹಿನ್ನೆಲೆ

ಆಚಾರಿಯವರ ತಂದೆಯ ಕಾಲದಲ್ಲಿ ಕುಲುಮೆಗೆ ಕೆಲಸ ಬರುತ್ತಿದ್ದುದು ಗದ್ದೆಯಿಂದ. ನೇಗಿಲಿನ ಗುಳ, ಹಾರೆ, ಪಿಕ್ಕಾಸು. ಗದ್ದೆಗಳೆಲ್ಲ ಕಂಗಿನ (ಅಡಿಕೆಯ) ತೋಟಗಳಾದ ಮೇಲೆ ಗುಳ ಕೇಳುವವರಿಲ್ಲ. ಮಚ್ಚು, ಮೆಟ್ಟುಕತ್ತಿ, ದೋಟಿಯ ತುದಿಗೆ ಹಾಕುವ ಕತ್ತಿ ಇಷ್ಟು ಉಳಿಯಿತು. ಅಡುಗೆಮನೆಯ ಸಣ್ಣ ಚಾಕು ಪೇಟೆಯಲ್ಲಿ ಸ್ಟೀಲಿನದ್ದು ಅಗ್ಗಕ್ಕೆ ಸಿಗುತ್ತದೆ, ಅದಕ್ಕೆ ಕುಲುಮೆಯವರೆಗೆ ಯಾರು ಬರುತ್ತಾರೆ?

ಈ ಕುಲುಮೆಯ ಪೀಶಕತ್ತಿ, ಅಂದರೆ ಸೊಂಟದಲ್ಲಿ ಸಿಕ್ಕಿಸುವ ಸಣ್ಣ ಕತ್ತಿ, ಹುಟ್ಟಿದ್ದು ಒಬ್ಬ ಕೃಷಿಕರ ಬೇಡಿಕೆಯಿಂದ. ಅವರು ಹಿಪ್ಪಲಿಯ ಬುಡಕ್ಕೆ ಕರಿಮೆಣಸಿನ ಕುಡಿ ಕಸಿ ಕಟ್ಟುವವರು. ಬಳ್ಳಿಗೆ ಸೊರಗು ರೋಗ ಬಂದು ತೋಟ ಖಾಲಿಯಾದ ಮೇಲೆ ಆ ಕಡೆ ತಿರುಗಿದ್ದರು. ಕಸಿಗೆ ಕುಡಿಯನ್ನು ಓರೆಯಾಗಿ ಒಂದೇ ಎಳೆತಕ್ಕೆ ಕೊಯ್ಯಬೇಕು. ಕೊಯ್ದ ಜಾಗ ಜಜ್ಜಿಹೋದರೆ ಕಸಿ ಕೂಡುವುದಿಲ್ಲ. ಅದೇ ಕತ್ತಿಯಲ್ಲಿ ದಾರ ಕೊಯ್ಯಬೇಕು, ಗೊಬ್ಬರದ ಚೀಲ ಬಿಚ್ಚಬೇಕು, ಅಡಿಕೆ ಹಾಳೆಯ ಅಂಚು ಸವರಬೇಕು, ಮನೆಗೆ ಬಂದರೆ ಗುಜ್ಜೆಗೂ (ಎಳೆ ಹಲಸಿಗೂ) ಆಗಬೇಕು. ಸೊಂಟದಲ್ಲಿ ಸಿಕ್ಕಿಸಿದರೆ ಕೂರುವಾಗ ಚುಚ್ಚಬಾರದು.

ಆಚಾರಿಯವರು ಮಾಡಿಕೊಟ್ಟದ್ದು ಹೀಗಿತ್ತು. ಅಲಗು 4 ಇಂಚು, ಅಗಲ ಸುಮಾರು 22 ಮಿಲಿಮೀಟರು. ಬೆನ್ನು ಹಿಡಿಯ ಹತ್ತಿರ ಎರಡೂವರೆ ಮಿಲಿಮೀಟರು, ತುದಿಗೆ ಹೋಗುತ್ತಾ ಒಂದಕ್ಕೆ ಇಳಿಯುತ್ತದೆ. ತುದಿ ಚೂಪಾಗಿ ಮೇಲೆದ್ದಿಲ್ಲ. ಬೆನ್ನೇ ಮೆಲ್ಲನೆ ಬಾಗಿ ಬಾಯಿಯ ಕಡೆಗೆ ಬರುತ್ತದೆ. ಅಲಗಿನ ಬಾಲ ಹಿಡಿಯ ಕೊನೆಯವರೆಗೂ ಹೋಗುತ್ತದೆ, ಎರಡು ಬದಿಗೆ ಹುಣಸೆಯ ತಿರುಳಿನ ಹಲಗೆ, ಹಿತ್ತಾಳೆಯ ಮೊಳೆ. ಉಕ್ಕು ಗುಜರಿಯ ಲಾರಿ ಪ್ಲೇಟು, ಅಂದರೆ ಲಾರಿಯ ಸ್ಪ್ರಿಂಗಿನ ಪಟ್ಟಿ. ಬಾಯಿಗೆ ಮಾತ್ರ ಹದ, ಅಂದರೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಡಸು ಮಾಡಿದ್ದು; ಬೆನ್ನು ಮೆತ್ತಗೆ.

ಇದನ್ನು ತೆಗೆದುಕೊಂಡು ಹೋದವರು ವರ್ಷಕ್ಕೊಮ್ಮೆ, ಹೆಚ್ಚಾಗಿ ಅಡಿಕೆ ಕೊಯ್ಲು ಶುರುವಾಗುವ ಮೊದಲು, ಮಸೆಸಲು ವಾಪಸು ತರುತ್ತಿದ್ದರು. ಆಚಾರಿಯವರು ಚಪ್ಪಟೆ ಕಲ್ಲಿಗೆ ನೀರು ಹಾಕಿ, ಬಾಯಿಯನ್ನಷ್ಟೇ ಅಲ್ಲ, ಅದರ ಹಿಂದಿನ ಕೆನ್ನೆಯನ್ನೂ (ಬಾಯಿಯಿಂದ ಬೆನ್ನಿನ ಕಡೆಗೆ ಏರುವ ಬದಿಯನ್ನೂ) ಸೇರಿಸಿ ಉಜ್ಜುವವರು. ಅದಕ್ಕೆ ಬೇರೆ ಹೆಸರಿರಲಿಲ್ಲ, ಬೇರೆ ದುಡ್ಡೂ ಇರಲಿಲ್ಲ. ಮುಂದೆ ಆದದ್ದೆಲ್ಲ ಅರ್ಥವಾಗಬೇಕಾದರೆ ಇದೊಂದು ನೆನಪಿರಬೇಕು.

ಆರ್ಡರ್ ಬಂದ ಮೇಲೆ

2020ರ ಲಾಕ್‌ಡೌನಿನಲ್ಲಿ ಅಳಿಯ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ. ಕತ್ತಿಯ ಫೋಟೋ ತೆಗೆದು ಹಾಕಿದ. ಮೊದಲು ಮಂಗಳೂರು, ಪುತ್ತೂರಿನವರು, ಆಮೇಲೆ ಬೆಂಗಳೂರಿನವರು, ಗಲ್ಫಿನಿಂದ ರಜೆಯಲ್ಲಿ ಬರುವವರು. ವರ್ಷದಲ್ಲಿ ಹೋಗುತ್ತಿದ್ದಷ್ಟು ಕತ್ತಿ ತಿಂಗಳಲ್ಲಿ ಹೋಗತೊಡಗಿತು. ಕುಲುಮೆಯಲ್ಲಿ ಬೇರೆ ಕೆಲಸ ನಿಂತು ಪೀಶಕತ್ತಿ ಒಂದೇ ಆಯಿತು.

ಇಷ್ಟು ಕತ್ತಿಯನ್ನು ಲಾರಿ ಪ್ಲೇಟು ಕಾಯಿಸಿ ಬಡಿದು ತೆಳು ಮಾಡಿ ತೆಗೆಯಲು ಆಗುವುದಿಲ್ಲ. ಹಳೆ ಪ್ಲೇಟಿನಲ್ಲಿ ಇನ್ನೊಂದು ತಾಪತ್ರಯವೂ ಇದೆ. ಲಕ್ಷಾಂತರ ಸಲ ಬಾಗಿ ನೆಟ್ಟಗಾದ ಉಕ್ಕು ಅದು, ಒಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೆ ಹದ ಹಾಕುವಾಗಲೇ ಬಾಯಿಬಿಡುತ್ತದೆ. ಹಾಗಾಗಿ ಅಳಿಯ ಹೊಸ ಸ್ಪ್ರಿಂಗ್ ಉಕ್ಕಿನ ಹಾಳೆ ತರಿಸಿ, ಪೇಟೆಯಲ್ಲಿ ಆಕಾರಕ್ಕೆ ಕಟ್ ಮಾಡಿಸಿದ. ಈ ತೀರ್ಮಾನ ಸರಿಯಾಗಿಯೇ ಇತ್ತೆಂದು ಈಗಲೂ ಹೇಳುತ್ತೇನೆ. ಆದರೆ ಸಿಕ್ಕಿದ ಹಾಳೆ 4 ಮಿಲಿಮೀಟರಿನದ್ದು. ಕೈಯಲ್ಲಿ ಹಿಡಿದರೆ ಭಾರ ಚೆನ್ನಾಗಿದೆ, ಫೋಟೋದಲ್ಲಿ ಗಟ್ಟಿಮುಟ್ಟು ಕಾಣುತ್ತದೆ, ಗಿರಾಕಿಗಳಿಗೆ ಇಷ್ಟವಾಯಿತು.

ಇಲ್ಲಿಂದ ಒಂದರ ಹಿಂದೆ ಒಂದು ಬಂದವು. ತೆಳುವಾಗಿ ಅರೆದ ಅಲಗನ್ನು ಎಣ್ಣೆಗೆ ಅದ್ದಿದರೆ ತಿರುಚಿಕೊಳ್ಳುತ್ತದೆ. ಒಂದೊಂದಾಗಿ ಹದ ಹಾಕುವಾಗ ಆಚಾರಿಯವರು ಬಿಸಿ ಇರುವಾಗಲೇ ನೆಟ್ಟಗೆ ಮಾಡುತ್ತಿದ್ದರು; ಒಮ್ಮೆಲೇ ಹತ್ತಾರು ಹಾಕಿದರೆ ಅಷ್ಟು ಹೊತ್ತು ಸಿಗುವುದಿಲ್ಲ. ತಿರುಚುವುದು ಬೇಡವೆಂದು ಹದಕ್ಕೆ ಮೊದಲು ಬಾಯಿಯನ್ನು ದಪ್ಪ ಬಿಟ್ಟರು. ಹದವಾದ ಮೇಲೆ ಅರೆದು ತೆಳು ಮಾಡೋಣವೆಂದರೆ ಉಕ್ಕು ಗಟ್ಟಿಯಾಗಿರುತ್ತದೆ, ಗ್ರೈಂಡರಿನಲ್ಲಿ ಬಿಸಿಯೇರುತ್ತದೆ, ಬೆಲ್ಟ್ ಬೇಗ ಸವೆಯುತ್ತದೆ. ಹಾಗೆಂದು ಅಲ್ಲೂ ಅರ್ಧಕ್ಕೆ ನಿಲ್ಲಿಸಿದರು. ಕೊನೆಗೆ ಸಣ್ಣದೊಂದು ಓರೆ ಬಾಯಿ ಕಟ್ಟಿ, ಬಫ್ ಹಿಡಿದು, ಕನ್ನಡಿಯಂತೆ ಹೊಳಪು ಕೊಟ್ಟು ಕಳಿಸಿದರು. ಬಾಯಿ ದಪ್ಪ ಮಾಡೋಣವೆಂದು ಯಾರೂ ಯಾವ ದಿನವೂ ತೀರ್ಮಾನಿಸಿದ್ದಲ್ಲ. ಪ್ರತಿ ಹಂತದಲ್ಲೂ ಅವರವರ ಮಟ್ಟಿಗೆ ಸರಿಯೆನಿಸುವ ಕಾರಣವಿತ್ತು.

ಕೂದಲು ತೆಗೆಯುವಷ್ಟು ಹರಿತ ಆ ಹೊಸ ಕತ್ತಿಗೂ ಇತ್ತು. ಕಾಗದ ಹಿಡಿದು ಕೊಯ್ದರೆ ಸರ್ರೆಂದು ಹೋಗುತ್ತಿತ್ತು. ಅಳಿಯನ ವೀಡಿಯೋಗಳಲ್ಲಿ ಅದೇ ಇರುವುದು.

ದೂರು, ಮೊದಲ ಮದ್ದು

ದೂರುಗಳು ಒಂದೇ ಬಾಗಿಲಿನಿಂದ ಬರಲಿಲ್ಲ. ದೂರದವರು "ಹರಿತ ನಿಲ್ಲುವುದಿಲ್ಲ" ಎಂದು ಬರೆದರು. ಕೆಲವರು ಬಾಯಿ ಚೂರು ಹಾರಿದ ಫೋಟೋ ಕಳಿಸಿದರು. ಊರಿನವರು ಫೋಟೋ ಕಳಿಸುವವರಲ್ಲ. ಹಳೆ ಗಿರಾಕಿಯೊಬ್ಬರು ಮಗನಿಗೆಂದು ಹೊಸತು ತೆಗೆದುಕೊಂಡು ಹೋಗಿದ್ದರು. ಅದನ್ನು ತಂದು ಅಡಿಗಲ್ಲಿನ ಮೇಲೆ ಇಟ್ಟು ಹೇಳಿದ್ದು ಇಷ್ಟೇ:

"ಆಚಾರ್ರೇ, ಇದು ಗುಜ್ಜೆ ಕೊಯ್ಯುವುದಿಲ್ಲ, ಒಡೀತದೆ."

ಆ ಮಾತಿನಲ್ಲಿ ಉತ್ತರ ಪೂರ್ತಿ ಇತ್ತು. ಯಾರೂ ಆಗ ಅದನ್ನು ಹಿಡಿಯಲಿಲ್ಲ. "ಹರಿತ ನಿಲ್ಲುವುದಿಲ್ಲ" ಎಂಬ ದೂರು ಹೆಚ್ಚು ಜನರದ್ದು, ಜೊತೆಗೆ ದುಡ್ಡು ವಾಪಸು ಕೇಳುವವರದ್ದು. ಮನೆಯವರೆಲ್ಲ ಅದರ ಹಿಂದೆ ಹೋದರು. ಹರಿತ ನಿಲ್ಲದಿದ್ದರೆ ಉಕ್ಕು ಸಾಲದು ಎಂಬ ತರ್ಕ ಅಳಿಯನದ್ದು. ಸ್ಪ್ರಿಂಗ್ ಉಕ್ಕಿನಲ್ಲಿ ಕಾರ್ಬನ್ ಶೇಕಡ 0.5ರಿಂದ 0.6ರ ಆಸುಪಾಸು, ಬೇರಿಂಗ್ ಉಕ್ಕಿನಲ್ಲಿ ಸುಮಾರು 1, ಮೇಲಿಂದ ಒಂದೂವರೆಯಷ್ಟು ಕ್ರೋಮಿಯಂ. ಪುಸ್ತಕದ ಲೆಕ್ಕದಲ್ಲಿ ಎರಡನೆಯದರ ಬಾಯಿ ಹೆಚ್ಚು ಬಾಳಬೇಕು. ತರಿಸಿದರು.

ಬೇರಿಂಗ್ ಉಕ್ಕು ಒಳ್ಳೆಯದೇ, ಆದರೆ ಶಾಖದ ವಿಷಯದಲ್ಲಿ ಅದಕ್ಕೆ ಸಲಿಗೆ ಆಗುವುದಿಲ್ಲ. ಇದ್ದಲಿನ ಒಲೆಯಲ್ಲಿ ಬಣ್ಣ ನೋಡಿ ಹದ ಹಾಕುವವರಿಗೆ ಹಗಲು ಬೆಳಕಿನಲ್ಲಿ ಕೆಂಪು ಒಂದು ಛಾಯೆ ಕಡಿಮೆಯಾಗಿ ಕಾಣುತ್ತದೆ, ಹಾಗಾಗಿ ಗೊತ್ತಿಲ್ಲದೆ ಹೆಚ್ಚು ಕಾಯಿಸುತ್ತಾರೆ. ಹೆಚ್ಚು ಕಾದ ಉಕ್ಕಿನ ಒಳಗಿನ ಕಣ ದೊಡ್ಡದಾಗುತ್ತದೆ. ಮುರಿದು ನೋಡಿದರೆ ಸಕ್ಕರೆ ಹರಳಿನಂತೆ ಮಿಣುಗುತ್ತದೆ. ಸರಿಯಾಗಿ ಹದವಾದದ್ದು ಮಂಕು ಬೂದಿಬಣ್ಣದಲ್ಲಿ ನುಣ್ಣಗಿರುತ್ತದೆ. ಹರಳು ಹರಳಾದ ಬಾಯಿ ಗಟ್ಟಿ ಇದ್ದರೂ ಚೂರು ಹಾರುತ್ತದೆ.

ಹರಿತ ನಿಲ್ಲಲೆಂದು ಅವರು ಇನ್ನೂ ಒಂದು ಮಾಡಿದರು: ಹದವಾದ ಮೇಲೆ ಮತ್ತೆ ಹಗುರವಾಗಿ ಕಾಯಿಸಿ ಗಡಸು ಸ್ವಲ್ಪ ಇಳಿಸುವ ಕೆಲಸವನ್ನು ಅರ್ಧ ಮಾಡಿದರು. ಗಡಸು ಹೆಚ್ಚಿತು, ಚೂರು ಹಾರುವುದು ಇನ್ನೂ ಹೆಚ್ಚಿತು. ದುಡ್ಡು ವಾಪಸು ಕೊಟ್ಟರು, ಬದಲಿ ಕತ್ತಿ ಕಳಿಸಿದರು, ಕಳಿಸಿದ ಬದಲಿಯೂ ವಾಪಸು ಬಂತು. ಒಂದು ಹಂತದಲ್ಲಿ ಆಚಾರಿಯವರು ಹೊಸ ಆರ್ಡರ್ ನಿಲ್ಲಿಸಿ ಹಳೆ ಮಚ್ಚಿನ ಕೆಲಸಕ್ಕೆ ಹೋಗುವ ಮಾತಾಡಿದ್ದರು. ಅಳಿಯ ಮಾತು ಬಿಟ್ಟಿದ್ದ.

ಮೇಜಿನ ಮೇಲೆ ಹರಡಿದ ಕತ್ತಿಗಳು

ತಿರುವು ಬಂದದ್ದು ವಾಪಸು ಬಂದ ಕತ್ತಿಗಳನ್ನು ಕರಗಿಸುವ ಬದಲು ಸಾಲಾಗಿ ಹರಡಿದಾಗ. ಪ್ರತಿಯೊಂದಕ್ಕೂ ಚೀಟಿ: ಯಾವ ಉಕ್ಕು, ಯಾರ ದೂರು, ದೂರಿನ ಮಾತು ಅವರದೇ ಶಬ್ದದಲ್ಲಿ. ಆಚಾರಿಯವರಿಗೆ ಇದು ಶಾಲೆಯಾಟದ ಹಾಗೆ ಕಂಡಿತು. "ಮಾಷ್ಟ್ರೇ, ಕತ್ತಿ ನೋಡಿದ್ರೆ ನನಗೆ ಗೊತ್ತಾಗ್ತದೆ, ಚೀಟಿ ಎಂತಕ್ಕೆ?" ಎಂದರು. ಆದರೂ ಕೂತರು.

ಮೊದಲು ಅರ ಹಿಡಿದೆವು. ಸರಿಯಾಗಿ ಹದವಾದ ಬಾಯಿಯ ಮೇಲೆ ಹೊಸ ಅರ ಕಚ್ಚದೆ ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ. "ಹರಿತ ನಿಲ್ಲುವುದಿಲ್ಲ" ಎಂಬ ಚೀಟಿಯ ಕತ್ತಿಗಳಲ್ಲಿ ಒಂದು ಪಾಲು ಬಾಯಿಯ ಅಂಚಿನಲ್ಲಿ ಮಾತ್ರ ಕಚ್ಚಿತು. ಸ್ವಲ್ಪ ಮೇಲೆ ಜಾರಿತು. ಅಂದರೆ ಹದ ಬಿದ್ದಿತ್ತು, ಅಂಚಿನಲ್ಲಿ ಆಮೇಲೆ ಹೋಗಿದೆ. ಓರೆ ಹಿಡಿದು ನೋಡಿದಾಗ ಅಂಚಿನ ಉದ್ದಕ್ಕೂ ನೀಲಿಯ ಸಣ್ಣ ಗೆರೆ. ಉಕ್ಕು 300 ಡಿಗ್ರಿಯ ಹತ್ತಿರ ಕಾದಾಗ ಬರುವ ಬಣ್ಣ ಅದು. ಅಷ್ಟು ಕಾದರೆ ಗಡಸು ಇಳಿದುಹೋಗುತ್ತದೆ. ಕೆಲವು ಸುಟ್ಟದ್ದು ನಮ್ಮದೇ ಬಫ್ ಮತ್ತು ಬೆಲ್ಟಿನಲ್ಲಿ. ಉಳಿದವುಗಳ ಮೇಲೆ ಒರಟು ಚಕ್ರದ ಗೀರುಗಳಿದ್ದವು. ಗಿರಾಕಿಗಳು ಪೇಟೆಯಲ್ಲಿ ಒಣ ಗ್ರೈಂಡರಿಗೆ ಹಿಡಿಸಿದ್ದರು. ಕಿಡಿ ಹಾರಿದಷ್ಟೂ ಚೆನ್ನಾಗಿ ಮಸೆದರೆಂದು ನಮ್ಮ ಜನ ನಂಬುತ್ತಾರೆ. ಬಾಯಿಯ ಅಂಚು ಎಷ್ಟು ತೆಳು ಎಂದರೆ ಅಲ್ಲಿ ಶಾಖ ಹೋಗಲು ಜಾಗವೇ ಇಲ್ಲ, ಕ್ಷಣದಲ್ಲಿ ನೀಲಿ.

ಇನ್ನೊಂದು ಪಾಲಿನಲ್ಲಿ ಅರ ಎಲ್ಲಿಯೂ ಕಚ್ಚಲಿಲ್ಲ, ನೀಲಿಯೂ ಇಲ್ಲ, ಚೂರೂ ಹಾರಿಲ್ಲ. ಮಸೆದು ನೋಡಿದರೆ ಕೂದಲು ತೆಗೆಯಿತು. ಆದರೂ ಗಿರಾಕಿ ಹರಿತವಿಲ್ಲ ಎನ್ನುತ್ತಾರೆ. ಅದೇ ಹೊತ್ತಿಗೆ, ಕಸಿ ಕಟ್ಟುವ ಆ ಮೊದಲ ಕೃಷಿಕರು ವರ್ಷದ ಪದ್ಧತಿಯಂತೆ ತಮ್ಮ ಹಳೆ ಕತ್ತಿ ಮಸೆಸಲು ಕೊಟ್ಟು ಹೋಗಿದ್ದು ಮೂಲೆಯಲ್ಲಿತ್ತು. ಅದನ್ನೂ ಹೊಸತೊಂದನ್ನೂ ವರ್ನಿಯರ್‌ನಲ್ಲಿ ಅಳೆದೆ. ಹಳೆಯದರ ಬಾಯಿಯ ಓರೆ ಶುರುವಾಗುವಲ್ಲಿ ದಪ್ಪ 0.4 ಮಿಲಿಮೀಟರು, ಹೊಸತರದ್ದು 0.9. ಬಾಯಿಯಿಂದ 5 ಮಿಲಿಮೀಟರು ಮೇಲೆ ಹಳೆಯದು ಒಂದಕ್ಕಿಂತ ಕಡಿಮೆ, ಹೊಸತು ಒಂದೂವರೆ ದಾಟಿತ್ತು.

ಕಾಗದಕ್ಕೆ ಅಂಚು ಮಾತ್ರ ಸಾಕು. ಗುಜ್ಜೆಯೊಳಗೆ ಅಲಗು ಪೂರ್ತಿ ಇಳಿಯಬೇಕು. ಹಿಂದಿನ ದಪ್ಪ ಆಪಿನ (ಬೆಣೆಯ) ಕೆಲಸ ಮಾಡಿ ಗುಜ್ಜೆಯನ್ನು ಒಡೆಯುತ್ತದೆ, ಕೈಗೆ ಬಲ ಹೆಚ್ಚು ಬೇಕಾಗುತ್ತದೆ, ಹಿಡಿದವರಿಗೆ ಕತ್ತಿ ಮೊಂಡಾಗಿದೆ ಎನಿಸುತ್ತದೆ. ಒಂದೆರಡು ಸಲ ಮಸೆದರೆ ಬಾಯಿ ಮೇಲಕ್ಕೆ ಸರಿದು ಇನ್ನೂ ದಪ್ಪದ ಜಾಗಕ್ಕೆ ಬರುತ್ತದೆ, ಆಗ ನಿಜಕ್ಕೂ ಮೊಂಡು. ಹಳೆ ಕತ್ತಿಗಳಿಗೆ ಈ ತೊಂದರೆ ಬರದೆ ಇದ್ದದ್ದು ವರ್ಷಕ್ಕೊಮ್ಮೆ ಕೆನ್ನೆ ಉಜ್ಜಿ ಕೊಡುತ್ತಿದ್ದ ಆ ಲೆಕ್ಕಕ್ಕಿಲ್ಲದ ಕೆಲಸದಿಂದ. ಬೆಂಗಳೂರಿನ ಗಿರಾಕಿಗೆ ಕತ್ತಿ ಹೋಯಿತು, ಆ ಕೆಲಸ ಹೋಗಲಿಲ್ಲ.

ಹೀಗೆ ಒಂದೇ ಮಾತಿನ ದೂರಿನಲ್ಲಿ ಎರಡು ಬೇರೆ ತೊಂದರೆ ಸೇರಿಕೊಂಡಿದ್ದವು: ಸುಟ್ಟ ಅಂಚು, ದಪ್ಪ ಕೆನ್ನೆ. ಚೂರು ಹಾರುವುದು ಮೂರನೆಯದು. ಅದು ಹೆಚ್ಚಿದ್ದು ಮೊದಲ ಎರಡಕ್ಕೆ ಕೊಟ್ಟ ಮದ್ದಿನಿಂದ. ಈ ಮೂರನ್ನು ಬಿಡಿಸದೆ ಉಕ್ಕು ಬದಲಿಸುತ್ತಾ ಹೋಗಿದ್ದರೆ ಯಾವ ಉಕ್ಕೂ ಸಾಕಾಗುತ್ತಿರಲಿಲ್ಲ.

ಪರೀಕ್ಷೆ ಯಾವುದು ಎಂಬ ಜಗಳ

ಹೊಸ ಕತ್ತಿಯನ್ನು ಹೇಗೆ ಪರೀಕ್ಷಿಸುವುದೆಂಬಲ್ಲಿ ಮಾವ ಅಳಿಯನಿಗೆ ಬಿಸಿ ಬಿಸಿ ಮಾತಾಯಿತು. ಅಮೆರಿಕದ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಕತ್ತಿಗಾರರ ಸಂಘ ತನ್ನ ಸದಸ್ಯರಿಗೆ ಇಡುವ ಪರೀಕ್ಷೆಯನ್ನು ಅಳಿಯ ನೋಡಿದ್ದ: ತೂಗುಬಿಟ್ಟ ಒಂದಿಂಚು ಹಗ್ಗವನ್ನು ಒಂದೇ ಬೀಸಿಗೆ ಕಡಿಯಬೇಕು, ಎರಡಿಂಚು ನಾಲ್ಕಿಂಚಿನ ಮರದ ರೀಪನ್ನು ಎರಡು ಸಲ ಕಡಿಯಬೇಕು, ಆಮೇಲೂ ಕೂದಲು ತೆಗೆಯಬೇಕು, ಕೊನೆಗೆ ಅಲಗನ್ನು ವೈಸಿನಲ್ಲಿ ಹಿಡಿದು 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಪರೀಕ್ಷೆ ಒಳ್ಳೆಯದೇ. ಹದ ಹಾಕುವ ಕೈ ಎಂಥದ್ದೆಂದು ಅದರಲ್ಲಿ ತಿಳಿಯುತ್ತದೆ. ಆದರೆ ಅದು ದೊಡ್ಡ ಅಲಗಿಗೆ. 4 ಇಂಚಿನ ಪೀಶಕತ್ತಿ ಆ ಪರೀಕ್ಷೆಯಲ್ಲಿ ಗೆಲ್ಲಬೇಕಾದರೆ ಅದು ಪೀಶಕತ್ತಿಯಾಗಿ ಉಳಿಯುವುದಿಲ್ಲ.

"ಮರ ಕಡಿಯಲಿಕ್ಕೆ ಮಚ್ಚು ಇಲ್ವಾ ಮಾರಾಯ?" ಎಂದರು ಆಚಾರಿಯವರು.

ಕೊನೆಗೆ ಪರೀಕ್ಷೆಗಳನ್ನು ಕತ್ತಿಯ ಕೆಲಸದಿಂದಲೇ ತೆಗೆದರು. ಕರಿಮೆಣಸಿನ ಕುಡಿಯನ್ನು ಓರೆಗೆ ಕೊಯ್ದು ಕೊಯ್ದ ಮುಖ ನೋಡುವುದು. ಜಜ್ಜಿದ್ದರೆ ಹಸಿರು ನೀರೊಸರಿ ಅಂಚು ಕಪ್ಪಾಗುತ್ತದೆ. ನೇಂದ್ರಬಾಳೆಕಾಯಿಯನ್ನು ಚಿಪ್ಸಿಗೆ ಹೆಚ್ಚುವಷ್ಟು ತೆಳು ಹೆಚ್ಚುವುದು. ತೆಂಗಿನ ನಾರಿನ ಹುರಿಹಗ್ಗವನ್ನು ಹಲಗೆಯ ಮೇಲಿಟ್ಟು ಎಳೆದು ಕೊಯ್ಯುವುದು; ನಾರಿನಲ್ಲಿ ಮರಳು, ಮಣ್ಣು ಇರುವುದರಿಂದ ಬಾಯಿ ಬೇಗ ಸವೆಯುತ್ತದೆ, ಎರಡು ಕತ್ತಿಗಳ ವ್ಯತ್ಯಾಸ ಬೇಗ ಕಾಣುತ್ತದೆ. ಇದರ ಜೊತೆ ಹೊರಗಿನದ್ದು ಒಂದನ್ನೇ ಇಟ್ಟುಕೊಂಡರು: ಹಿತ್ತಾಳೆಯ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯುವುದು. ಅಂಚು ಬಾಗಿ ವಾಪಸು ನೆಟ್ಟಗಾದರೆ ಹದ ಸರಿ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗೆ, ಚೂರು ಹಾರಿದರೆ ಗಡಸು ಜಾಸ್ತಿ.

ಈ ಪರೀಕ್ಷೆಯಲ್ಲಿ ಸ್ಪ್ರಿಂಗ್ ಉಕ್ಕಿನ ತೆಳು ಕತ್ತಿ ಬೇರಿಂಗ್ ಉಕ್ಕಿನ ದಪ್ಪ ಕತ್ತಿಯನ್ನು ಗುಜ್ಜೆಯಲ್ಲಿ, ಬಳ್ಳಿಯಲ್ಲಿ, ಬಾಳೆಕಾಯಿಯಲ್ಲಿ ಸೋಲಿಸಿತು. ಹಗ್ಗದಲ್ಲಿ ಬೇರಿಂಗ್ ಉಕ್ಕು ಸ್ವಲ್ಪ ಮುಂದೆ. ಅಷ್ಟಕ್ಕಾಗಿ ಇದ್ದಲ ಒಲೆಯಲ್ಲಿ ಅದರ ಹಿಂದೆ ಬೀಳುವುದು ಬೇಡವೆಂದು ಉಕ್ಕಿನ ಮಾತು ಅಲ್ಲಿಗೆ ಮುಗಿಸಿದರು.

ಬದಲಿಸಿದ್ದು

ಹಾಳೆ ಈಗ ಎರಡೂವರೆ ಮಿಲಿಮೀಟರಿನದ್ದು. ಅರೆಯುವ ಕೆಲಸದ ಹೆಚ್ಚಿನ ಪಾಲು ಹದಕ್ಕೆ ಮೊದಲೇ ಮುಗಿಯುತ್ತದೆ. ಹದ ಹಾಕುವುದು ಸಂಜೆ, ದೀಪ ಆರಿಸಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ. ಉಕ್ಕು ಸುಮಾರು 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಮೇಲೇರಿಸಿ ಎಣ್ಣೆಗೆ. ಎಣ್ಣೆಯನ್ನು ಮೊದಲೇ ಕೈ ಸುಡುವಷ್ಟು ಬಿಸಿ ಮಾಡಿಟ್ಟಿರುತ್ತಾರೆ. ತಣ್ಣನೆಯ ಎಣ್ಣೆ ಮಂದ, ಅಲಗಿನ ಸುತ್ತ ಬೇಗ ಸರಿದಾಡುವುದಿಲ್ಲ. ಒಂದು ಸಲಕ್ಕೆ ನಾಲ್ಕೈದು ಅಲಗು ಮಾತ್ರ. ಎಣ್ಣೆಯಿಂದ ತೆಗೆದವನೇ ಬಿಸಿ ಇರುವಾಗ ಎರಡು ದಪ್ಪ ಅಲ್ಯೂಮಿನಿಯಂ ಪ್ಲೇಟುಗಳ ನಡುವೆ ಇಟ್ಟು ವೈಸಿಗೆ ಕಚ್ಚಿಸುತ್ತಾರೆ, ತಿರುಚಲು ಬಿಡುವುದಿಲ್ಲ. ಆಮೇಲೆ ಅಡುಗೆಮನೆಯ ಓವನಿನಲ್ಲಿ 200 ಡಿಗ್ರಿಯಲ್ಲಿ ಎರಡು ಸರದಿ, ಅಲಗಿಗೆ ಹುಲ್ಲಿನ ಹಳದಿ ಬರುವವರೆಗೆ. ಓವನ್ ಅಳಿಯನ ಹೆಂಡತಿಯದ್ದು. ಅವಳಿಗೆ ಈಗ ಬೇರೆ ತೆಗೆಸಿಕೊಟ್ಟಿದ್ದಾರೆ.

ಹದವಾದ ಮೇಲೆ ಅರೆಯುವುದೆಲ್ಲ ನೀರು ಹಾಕುತ್ತಾ, ಬರಿಗೈಯಲ್ಲಿ ಹಿಡಿದು. ಬೆರಳಿಗೆ ಬಿಸಿ ತಾಗಿದರೆ ನೀರಿಗೆ ಅದ್ದು. ಬಫ್ ತೆಗೆದುಹಾಕಿದ್ದಾರೆ. ಕನ್ನಡಿ ಹೊಳಪು ಹೋಯಿತು, ಮಂಕು ಗೀರುಗಳ ಮೇಲ್ಮೈ ಬಂತು. ಅಡಿಕೆಯ, ಗುಜ್ಜೆಯ, ಬಾಳೆಯ ಕರೆ ತಾಗಿದರೆ ಉಕ್ಕು ಒಂದೇ ವಾರದಲ್ಲಿ ಕಪ್ಪಾಗುತ್ತದೆ. ಆ ಕಪ್ಪು ತುಕ್ಕಲ್ಲ, ತುಕ್ಕನ್ನು ಸ್ವಲ್ಪ ತಡೆಯುವಂಥದ್ದೇ. ಹೊಳಪು ಕೊಟ್ಟು ಕಳಿಸಿದ ಕಾಲದಲ್ಲಿ ಆ ಕಪ್ಪಿನ ಬಗ್ಗೆಯೂ ದೂರು ಬರುತ್ತಿತ್ತು.

ಇಷ್ಟೆಲ್ಲದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ತುಂಡು ಹಿತ್ತಾಳೆ. ವರ್ನಿಯರ್ ಹಿಡಿದು ಪ್ರತಿ ಕತ್ತಿ ಅಳೆಯುವುದು ಆಚಾರಿಯವರಿಂದ ಆಗದ ಮಾತು. ಕನ್ನಡಕ ಹಾಕಬೇಕು, ಎಣ್ಣೆ ಕೈ. ಅವರೇ ಒಂದು ಹಿತ್ತಾಳೆ ಪಟ್ಟಿಯ ಅಂಚಿಗೆ ಹ್ಯಾಕ್ಸಾ ಬ್ಲೇಡಿನಲ್ಲಿ 5 ಮಿಲಿಮೀಟರು ಆಳಕ್ಕೆ ಒಂದು ಗೀರು ಕೊಯ್ದರು. ಹ್ಯಾಕ್ಸಾದ ಗೀರು ಸುಮಾರು ಒಂದು ಮಿಲಿಮೀಟರು ಅಗಲ ಬರುತ್ತದೆ. ಕತ್ತಿಯ ಬಾಯಿಯನ್ನು ಆ ಗೀರಿಗೆ ಇಳಿಸಿದರೆ ತಳ ಮುಟ್ಟಬೇಕು. ಮಧ್ಯದಲ್ಲಿ ನಿಂತರೆ ಕೆನ್ನೆ ದಪ್ಪ, ಮತ್ತೆ ಅರೆಯಲು. ಹಿಡಿಯ ಹತ್ತಿರ, ನಡುವೆ, ತುದಿಗೆ ಮುಂಚೆ ಮೂರು ಕಡೆ ಇಳಿಸಿ ನೋಡುತ್ತಾರೆ. ಕಣ್ಣು ಮುಚ್ಚಿ ನೋಡಬಹುದಾದ ಅಳತೆ. ಆ ಪಟ್ಟಿ ಗೋಡೆಯ ಮೊಳೆಗೆ ನೇತಾಡುತ್ತಿದೆ, ಸವೆದಾಗ ಹೊಸತು ಕೊಯ್ಯುತ್ತಾರೆ.

ಕತ್ತಿಯ ಜೊತೆ ಈಗ ಒಂದು ಚೀಟಿ ಹೋಗುತ್ತದೆ, ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ. ಒಣ ಗ್ರೈಂಡರಿಗೆ ಕೊಡಬೇಡಿ. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಇಟ್ಟು ಮರೆಯಬೇಡಿ, ಒರಸಿ ತೆಂಗಿನೆಣ್ಣೆ ಸವರಿ ಹೊರಗಿಡಿ. ಗುಜ್ಜೆಯ ಮೇಣಕ್ಕೂ ಅದೇ ಎಣ್ಣೆ. ವರ್ಷಕ್ಕೊಮ್ಮೆ ವಾಪಸು ಕಳಿಸಿದರೆ ಕೆನ್ನೆ ಉಜ್ಜಿ ಕೊಡುತ್ತೇವೆ, ಹೋಗಿಬರುವ ಕೊರಿಯರ್ ನಿಮ್ಮದು. ಮೊದಲು ಪುಕ್ಕಟೆಯಾಗಿದ್ದ ಈ ಕೆಲಸಕ್ಕೆ ಈಗ ದರ ಇದೆ. ಊರಿನ ಹಳಬರಿಗೆ ಮಾತ್ರ ದರ ಹೇಳಲು ಆಚಾರಿಯವರಿಗೆ ಬಾಯಿ ಬರುವುದಿಲ್ಲ.

ಬೇಡವೆಂದದ್ದು

ಜನಪ್ರಿಯವಾದ ಕತ್ತಿಗೆ ನೂರು ತಿದ್ದುಪಡಿಯ ಬೇಡಿಕೆ ಬರುತ್ತದೆ. ಕೊಡವರ ಪೀಚೆಕತ್ತಿಯಂತೆ ಬೆಳ್ಳಿ ಕಟ್ಟು ಹಾಕಿಕೊಡಿ ಎಂದವರಿದ್ದಾರೆ. ಅದು ಬೇರೆ ಕೈಯ ಕೆಲಸ, ಅದಕ್ಕೆ ಅದರದೇ ಮರ್ಯಾದೆ ಇದೆ ಎಂದು ಆಚಾರಿಯವರು ಒಪ್ಪಲಿಲ್ಲ. ಜಿಂಕೆ ಕೊಂಬಿನ ಹಿಡಿ ಕೇಳಿದವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಹೇಳಿದರೆ ಸಾಕಾಯಿತು. ಇದೇ ಆಕಾರವನ್ನು 10 ಇಂಚಿಗೆ ದೊಡ್ಡದು ಮಾಡಿ, ಮನೆಯಲ್ಲಿ ತೂಗುಹಾಕಲು ಎಂದು ಒಬ್ಬರು ಕೇಳಿದ್ದರು, ಒಳ್ಳೆಯ ಬೆಲೆಗೆ. ಶಸ್ತ್ರ ಕಾಯ್ದೆಯ 2016ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಪರವಾನಗಿಯ ಪ್ರಶ್ನೆ ಬರುತ್ತದೆ. ಮನೆಬಳಕೆ, ಕೃಷಿ, ಕೈಗಾರಿಕೆ, ವಿಜ್ಞಾನದ ಕೆಲಸಕ್ಕೆಂದು ಮಾಡಿದವು ಮಾತ್ರ ಹೊರತು. ಮಚ್ಚು ಕೃಷಿಯದ್ದು, ಗೋಡೆಗೆ ತೂಗುಹಾಕುವ ಕತ್ತಿ ಕೃಷಿಯದ್ದೆಂದು ಹೇಳಲಾಗದು. ಅದನ್ನೂ ಬಿಟ್ಟರು.

ಅಳಿಯನ ಒಂದು ವಾದಕ್ಕೆ ಮಾತ್ರ ಮಾವ ಸೋತರು. ದಪ್ಪ ಕತ್ತಿ ಇಷ್ಟಪಟ್ಟು ಇಟ್ಟುಕೊಂಡವರೂ ಇದ್ದರು. ಚಾರಣಕ್ಕೆ ಹೋಗುವವರು, ಸಣ್ಣ ಕಟ್ಟಿಗೆ ಸೀಳುವವರು. ಅವರಿಗೆ ಒಡೆಯುವ ಕತ್ತಿಯೇ ಬೇಕು. ಅವರ ಕೈಯಲ್ಲಿ ತೆಳು ಕತ್ತಿ ಕೊಟ್ಟರೆ ಅದರ ಬಾಯಿ ಹಾಳು. ಹಾಗಾಗಿ 4 ಮಿಲಿಮೀಟರಿನದ್ದು ಬೇರೆ ಹೆಸರಿನಲ್ಲಿ, ಬೇರೆ ಹಿಡಿಯ ಆಕಾರದಲ್ಲಿ ಉಳಿಯಿತು. ಆರ್ಡರ್ ತೆಗೆದುಕೊಳ್ಳುವಾಗ ಫೋನಿನಲ್ಲಿ ಮೊದಲ ಪ್ರಶ್ನೆ "ಎಂತದಕ್ಕೆ?" ಎಂಬುದು. ಉತ್ತರ ಕೇಳಿ ಯಾವುದೆಂದು ಅವರೇ ಹೇಳುತ್ತಾರೆ. ಫೋಟೋ ನೋಡಿ ಆರಿಸಲು ಬಿಡುವುದಿಲ್ಲ.

ಈಗಿನ ಸ್ಥಿತಿ

ತಿಂಗಳಿಗೆ ಹೋಗುವ ಕತ್ತಿ ಆ ಭರಾಟೆಯ ದಿನಗಳಿಗಿಂತ ಕಡಿಮೆ. ಬೆಲೆ ಏರಿಸಿದ್ದಾರೆ, ಕಾಯುವ ಪಟ್ಟಿ ಇದೆ. ವಾಪಸು ಬರುವುದು ನಿಂತಿಲ್ಲ, ಅಪರೂಪವಾಗಿದೆ. ಬಂದರೆ ಚೀಟಿ ಹಚ್ಚಿ ಅಳೆದೇ ಒಲೆಗೆ ಹಾಕುವುದು. ಕೈಗೆ ಉಳಿಯುವ ದುಡ್ಡು ಭರಾಟೆಯ ಕಾಲದಷ್ಟೇ ಇದೆಯೆಂದು ಅಳಿಯನ ಲೆಕ್ಕ. ಆಚಾರಿಯವರ ಭುಜದ ನೋವು ಮಾತ್ರ ಯಾವ ಲೆಕ್ಕಕ್ಕೂ ಬರುತ್ತಿಲ್ಲ. ನೀರು ಹಾಕುತ್ತಾ ಬರಿಗೈಯಲ್ಲಿ ಅರೆಯುವ ಕೆಲಸಕ್ಕೆ ಇನ್ನೊಬ್ಬ ಹುಡುಗನನ್ನು ತಯಾರು ಮಾಡುವುದು ಈ ಕುಲುಮೆಯ ಮುಂದಿನ ಕಷ್ಟ.

ನಕಲು ಬಂದಿದೆ. ಕರಾವಳಿಯ ಪೇಟೆಯೊಂದರ ಅಂಗಡಿಯಲ್ಲಿ ಇದೇ ಆಕಾರದ, ಇದೇ ಹಿಡಿಯ ಕತ್ತಿ ಅರ್ಧ ಬೆಲೆಗೆ ಸಿಗುತ್ತದೆ. ವಿನ್ಯಾಸ ನೋಂದಾಯಿಸಿ ತಡೆಯಬಹುದೇ ಎಂದು ಅಳಿಯ ವಿಚಾರಿಸಿದ. 2000ದ ವಿನ್ಯಾಸ ಕಾಯ್ದೆಯಲ್ಲಿ ಹಕ್ಕು 10 ವರ್ಷ, ಇನ್ನೂ 5 ವರ್ಷ ವಿಸ್ತರಿಸಬಹುದು, ಆದರೆ ಅರ್ಜಿಗೆ ಮೊದಲೇ ಜನರ ನಡುವೆ ಬಂದುಬಿಟ್ಟ ವಿನ್ಯಾಸ ಹೊಸತೆನಿಸುವುದಿಲ್ಲ. ವರ್ಷಗಳಿಂದ ಊರೆಲ್ಲ ಸೊಂಟದಲ್ಲಿ ಸಿಕ್ಕಿಸಿಕೊಂಡ ಕತ್ತಿಗೆ ಆ ದಾರಿ ಮುಚ್ಚಿದೆ. ಅಲಗಿನ ಮೇಲೆ ಹೊಡೆಯುವ ಮುದ್ರೆಯನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದ್ದಾರೆ, ಸಾಧ್ಯವಿದ್ದದ್ದು ಅಷ್ಟೇ.

ಹೊರರೇಖೆಯ ನಕಲು ಹೊಸ ವಿಷಯವಲ್ಲ. ಅಮೆರಿಕದ ಕತ್ತಿಗಾರ ಬಾಬ್ ಲವ್‌ಲೆಸ್ (1929–2010) ಹೆಸರುವಾಸಿ ಮಾಡಿದ ಡ್ರಾಪ್ ಪಾಯಿಂಟ್ ಕತ್ತಿಯಲ್ಲೂ ಬೆನ್ನು ಹೀಗೆಯೇ ತುದಿಗೆ ಇಳಿಯುತ್ತದೆ. ಅದನ್ನು ನೋಡಿ ಮಾಡದ ಕತ್ತಿಗಾರರು ಕಡಿಮೆ. ನಮ್ಮ ಪೇಟೆಯ ನಕಲನ್ನು ನಾನು ಹಿತ್ತಾಳೆ ಪಟ್ಟಿಯ ಗೀರಿಗೆ ಇಳಿಸಿ ನೋಡಿದೆ. ಎರಡು ಮಿಲಿಮೀಟರು ಇಳಿದು ನಿಂತಿತು.

ಆ ನಕಲು ಕತ್ತಿಗಳೂ ಈಗ ಮಸೆಸಲು ಇದೇ ಕುಲುಮೆಗೆ ಬರುತ್ತಿವೆ. ಅಳಿಯನಿಗೆ ಅದು ಸರಿಬರುವುದಿಲ್ಲ. ಆಚಾರಿಯವರು ದರ ಬೇರೆ ಮಾಡಿಲ್ಲ, ಕೆನ್ನೆ ಇಳಿಸಲು ಹೊತ್ತು ಹೆಚ್ಚು ಬೇಕೆಂದು ಒಂದು ಶರತ್ತು ಮಾತ್ರ ಇಟ್ಟಿದ್ದಾರೆ: ಕೊಯ್ಲಿನ ಹೊತ್ತಿಗೆ ತರಬಾರದು, ಮಳೆಗಾಲದಲ್ಲಿ ತಂದುಕೊಡಬೇಕು.